ಕೊನೇ ಸುತ್ತಿನಲ್ಲಿ ಯಾರೋ ಬಂದು ಗೆಲ್ತಾರೆ: ಇದು ಫಿಕ್ಸಾ?

ಪ್ರಶ್ನೆ: ಸರ್, ನಾವು ತುಮಕೂರಿನವರು. ಅಮೆರಿಕದ ಷಾರ್ಲೆಟ್‌ಗೆ ಬಂದು ಆರು ವರ್ಷವಾಯಿತು. 2024ರ ಆಗಸ್ಟ್‌ನಲ್ಲಿ ಆಫೀಸಿನ ಗೆಳೆಯರು ಫ್ಲಾರಿಡಾದ ಡೇಟೋನಾಗೆ ಕರೆದುಕೊಂಡು ಹೋದರು. ಅದೇ ನಾನು ನೋಡಿದ ಮೊದಲ ನ್ಯಾಸ್ಕಾರ್ (ಇಲ್ಲಿನ ಕಾರ್ ರೇಸ್ ಸರಣಿ) ರೇಸ್. ಗೆದ್ದವನು ಹ್ಯಾರಿಸನ್ ಬರ್ಟನ್. ಅವನು ಅಂಕಪಟ್ಟಿಯಲ್ಲಿ 34ನೆಯವನಂತೆ. ಮುಂದಿನ ವರ್ಷಕ್ಕೆ ನೀನು ಬೇಡ ಎಂದು ತಂಡದವರು ಆಗಲೇ ಹೇಳಿಬಿಟ್ಟಿದ್ದರಂತೆ. ಟಿವಿಯಲ್ಲಿ ಕಾಮೆಂಟರಿ ಹೇಳುತ್ತಿದ್ದವರು ಅವನ ಅಪ್ಪನೇ. ಸಾಲದ್ದಕ್ಕೆ ಆ ತಂಡಕ್ಕೆ ಅದು 100ನೇ ಗೆಲುವು! ಇಷ್ಟೆಲ್ಲ ಒಂದೇ ರಾತ್ರಿ ಕೂಡಿಬರುತ್ತಾ? ನನಗಂತೂ ಬರೆದಿಟ್ಟ ಕಥೆ ಅನ್ನಿಸಿತು. ನನ್ನ 12 ವರ್ಷದ ಮಗ ‘ಫಿಕ್ಸ್ ಅಲ್ಲಪ್ಪಾ, ಲಾಟರಿ’ ಅನ್ನುತ್ತಾನೆ. ಈಗ ಗೆಳೆಯನೊಬ್ಬ ಹೊಸ ಐಡಿಯಾ ತಂದಿದ್ದಾನೆ. ಡೇಟೋನಾದಲ್ಲಿ ಹೆಸರಿಲ್ಲದವರೇ ಗೆಲ್ಲೋದು, ಅಂಥ ಐದು ಜನರ ಮೇಲೆ ತಲಾ 100 ಡಾಲರ್ ಕಟ್ಟೋಣ ಅಂತ. ಇದು ನಿಜವಾದ ಸ್ಪರ್ಧೆಯಾ? ಹಿಂದೆಯೂ ಹೀಗೆಲ್ಲ ಆಗಿದೆಯಾ? ದುಡ್ಡು ಕಟ್ಟಬಹುದಾ? (ಹೆಸರು ಬೇಡ)

ಉತ್ತರ: ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಫಿಕ್ಸ್ ಅಲ್ಲ. ಲಾಟರಿಯೂ ಅಲ್ಲ. ಐನೂರು ಡಾಲರ್ ಕಟ್ಟಬೇಡಿ.

ನಿಮ್ಮ ಅನುಮಾನ ನನಗೆ ಹೊಸದಲ್ಲ. ನಾನು ಹದಿನೈದು ವರ್ಷ ನಿಮ್ಮೂರಿನ ಆಸುಪಾಸಿನ ರೇಸ್ ಶಾಪ್‌ಗಳಲ್ಲಿ ಕೆಲಸ ಮಾಡಿದವನು. ಅದರಲ್ಲಿ ಜಾಸ್ತಿ ಕಾಲ ಸಣ್ಣ ತಂಡಗಳಲ್ಲಿ. ನನ್ನ ಕೆಲಸ ಪೆಟ್ರೋಲು ಮತ್ತು ಟೈರಿನ ಲೆಕ್ಕ ಹಾಕುವುದು. ಊರಿಗೆ ಹೋದಾಗ ನೆಂಟರು ಕೇಳುವುದೂ ಇದೇ: ‘ಅದು ನಮ್ಮ ಟಿವಿ ಕುಸ್ತಿ ಥರಾನಾ?’

ಫಿಕ್ಸ್ ವಿಚಾರ ಮೊದಲು ತೆಗೆದುಕೊಳ್ಳೋಣ. ನೀವು ನೋಡಿದ ರೇಸಿನ ಕೊನೇ ಸುತ್ತು ನೆನಪು ಮಾಡಿಕೊಳ್ಳಿ. ಬರ್ಟನ್ ಪಕ್ಕದಲ್ಲಿದ್ದವನು ಕೈಲ್ ಬುಶ್. ಬುಶ್ 2005ರಿಂದ 2023ರವರೆಗೆ, ಸತತ 19 ವರ್ಷ, ವರ್ಷಕ್ಕೆ ಒಂದಾದರೂ ರೇಸ್ ಗೆದ್ದವನು. ಅದು ದಾಖಲೆ. 2024ರಲ್ಲಿ ಮಾತ್ರ ಆ ಹೊತ್ತಿಗೆ ಒಂದೂ ಗೆದ್ದಿರಲಿಲ್ಲ. ಯಾರಾದರೂ ಕಥೆ ಬರೆದಿದ್ದರೆ ಗೆಲುವನ್ನು ಯಾರಿಗೆ ಕೊಡುತ್ತಿದ್ದರು? ಬುಶ್‌ಗೇ ಅಲ್ವಾ? ಇನ್ನೊಂದು ಇದೆ. ಬರ್ಟನ್ ಓಡಿಸುತ್ತಿದ್ದುದು ಫೋರ್ಡ್. ಅವನನ್ನು ಹಿಂದಿನಿಂದ ತಳ್ಳಿದವನು ಪಾರ್ಕರ್ ರೆಟ್ಜ್‌ಲಾಫ್ ಎಂಬ ಹುಡುಗ, ಷೆವ್ರೊಲೆ ಕಾರಿನಲ್ಲಿ. ಬುಶ್‌ನದೂ ಷೆವ್ರೊಲೆಯೇ. ತಮ್ಮವನನ್ನು ಬಿಟ್ಟು ಎದುರಾಳಿಯನ್ನು ತಳ್ಳಿದ್ದಕ್ಕೆ ಷೆವ್ರೊಲೆ ಕಡೆಯವರು ಆ ಹುಡುಗನ ಮೇಲೆ ಸಿಟ್ಟಾದರು. ಮೊದಲೇ ಮಾತಾಡಿಕೊಂಡಿದ್ದರೆ ಸಿಟ್ಟು ಎಲ್ಲಿಂದ ಬರಬೇಕು?

ನೀವು ಬಿಟ್ಟ ಒಂದು ಕಾಕತಾಳೀಯ ನಾನೇ ಸೇರಿಸುತ್ತೇನೆ. ಅದೇ ರಾತ್ರಿ ಕೊನೆಕೊನೆಗೆ ಒಂದು ಕಾರು ತಲೆಕೆಳಗಾಗಿ ಜಾರಿತಲ್ಲ, ಅದರೊಳಗಿದ್ದವನು ಜೋಷ್ ಬೆರ್ರಿ. ಮುಂದಿನ ವರ್ಷ ಬರ್ಟನ್‌ನ ಸೀಟಿಗೆ ಬರಬೇಕಾಗಿದ್ದವನೂ ಅವನೇ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಅಂತಾರಲ್ಲ, ಹಾಗೆ. ವರ್ಷಕ್ಕೆ 36 ರೇಸ್, ಪ್ರತಿ ರೇಸಿಗೆ ಹತ್ತಿರಹತ್ತಿರ 40 ಕಾರು. ಎಪ್ಪತ್ತೈದು ವರ್ಷಕ್ಕಿಂತ ಜಾಸ್ತಿ ಹೀಗೇ ಓಡಿಸುತ್ತಿದ್ದಾರೆ. ಇಂಥದ್ದು ಆಗಾಗ ಆಗದಿದ್ದರೇ ಆಶ್ಚರ್ಯ.

ಹಾಗಂತ ಇಲ್ಲಿ ಎಲ್ಲರೂ ಸತ್ಯಹರಿಶ್ಚಂದ್ರರು ಎಂದು ನಾನು ಹೇಳುತ್ತಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ರಿಚ್‌ಮಂಡ್‌ನಲ್ಲಿ ಮೈಕೆಲ್ ವಾಲ್‌ಟ್ರಿಪ್ ರೇಸಿಂಗ್ ತಂಡ ತನ್ನ ಒಬ್ಬ ಡ್ರೈವರ್‌ನನ್ನು ಪ್ಲೇಆಫ್‌ಗೆ, ಅಂದರೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ರೇಸ್‌ಗಳಿಗೆ, ಸೇರಿಸಲು ಇನ್ನೊಂದು ಕಾರನ್ನು ಬೇಕಂತಲೇ ಪಿಟ್‌ಗೆ (ಪೆಟ್ರೋಲು, ಟೈರು ಹಾಕಿಸುವ ಜಾಗ) ಕರೆಯಿತು. ಸಿಕ್ಕಿಬಿತ್ತು. 3 ಲಕ್ಷ ಡಾಲರ್ ದಂಡ ಬಿತ್ತು, ಆ ಡ್ರೈವರ್‌ನ ಪ್ಲೇಆಫ್ ಜಾಗವೂ ಹೋಯಿತು. 2024ರ ನವೆಂಬರ್‌ನಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲೂ ಇಂಥದ್ದೇ ಕೆಲಸ. ಮೂರು ತಂಡಗಳಿಗೆ ಮತ್ತು ಅವುಗಳ ಡ್ರೈವರ್‌ಗಳಿಗೆ ಒಟ್ಟು 6 ಲಕ್ಷ ಡಾಲರ್ ದಂಡ. ಆದರೆ ಇವೆಲ್ಲ ದೊಡ್ಡವರು ದೊಡ್ಡವರಿಗಾಗಿ ಮಾಡಿದ ಅಡ್ಡದಾರಿ. ಬಡ ತಂಡವನ್ನು ಗೆಲ್ಲಿಸಲು ಯಾರೂ ದಂಡ ಕಟ್ಟಿದ್ದು ನಾನು ಕಂಡಿಲ್ಲ.

ಫಲಿತಾಂಶವನ್ನು ನಿಜಕ್ಕೂ ತಿರುಚಿದ್ದು ನೋಡಬೇಕು ಅಂದರೆ 1963ಕ್ಕೆ ಹೋಗಬೇಕು. ಡಿಸೆಂಬರ್ 1, ಫ್ಲಾರಿಡಾದ ಜಾಕ್ಸನ್‌ವಿಲ್, ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್. ವೆಂಡೆಲ್ ಸ್ಕಾಟ್ ಕಪ್ಪು ಜನಾಂಗದ ಡ್ರೈವರ್. ಕಾರು ಅವರದೇ, ರಿಪೇರಿ ಮಾಡುವವರೂ ಅವರೇ. ಅಂದು ಅವರು ಎಲ್ಲರಿಗಿಂತ ಮುಂದಿದ್ದರು. ಆದರೆ ಚೆಕ್ಕರ್ ಬಾವುಟ ಬೀಸಿದ್ದು ಬಕ್ ಬೇಕರ್‌ಗೆ. ಟ್ರೋಫಿ ಕೊಟ್ಟದ್ದೂ ಬೇಕರ್‌ಗೆ. ಜನ ಎಲ್ಲ ಮನೆಗೆ ಹೋದ ಮೇಲೆ, ಗಂಟೆಗಳ ನಂತರ, ‘ಲೆಕ್ಕದಲ್ಲಿ ತಪ್ಪಾಗಿತ್ತು, ಗೆದ್ದವರು ಸ್ಕಾಟ್’ ಎಂದರು. ಬೇಕರ್‌ಗಿಂತ ಎರಡು ಸುತ್ತು ಮುಂದಿದ್ದವರನ್ನು ಲೆಕ್ಕ ತಪ್ಪಿಸಿಕೊಳ್ಳುವುದು ಹೇಗೆ ಸ್ವಾಮಿ? ಆ ಟ್ರೋಫಿ ಅವರ ಕೈಗೆ ಬರಲೇ ಇಲ್ಲ. ಸ್ಕಾಟ್ 1990ರಲ್ಲಿ ತೀರಿಕೊಂಡರು. ನ್ಯಾಸ್ಕಾರ್ ಅವರ ಮನೆಯವರಿಗೆ ಟ್ರೋಫಿ ಕೊಟ್ಟದ್ದು 2021ರಲ್ಲಿ, ನೀವು ಕೂತಿದ್ದ ಡೇಟೋನಾದಲ್ಲೇ. ಅಚ್ಚರಿಯ ಗೆಲುವನ್ನು ಇಲ್ಲಿ ಯಾರೂ ಹುಟ್ಟಿಸಲಿಲ್ಲ. ಬಚ್ಚಿಟ್ಟರು.

ಈಗ ನಿಮ್ಮ ಮಗನ ‘ಲಾಟರಿ’ಗೆ ಬರೋಣ. ಅವನು ಅರ್ಧ ಸರಿ.

ಚಿಕ್ಕವರಿದ್ದಾಗ ಲಾರಿ ಹಿಂದೆ ಸೈಕಲ್ ತುಳಿದಿದ್ದೀರಾ? ಅಮ್ಮನಿಗೆ ಗೊತ್ತಾಗದ ಹಾಗೆ? ಆಗ ಪೆಡಲ್ ಹಗುರಾಗಿ, ಸೈಕಲ್ ತಾನೇ ಎಳೆದುಕೊಂಡು ಹೋದ ಹಾಗೆ ಆಗುತ್ತಿತ್ತಲ್ಲ, ಅದಕ್ಕೇ ಡ್ರಾಫ್ಟಿಂಗ್ ಎನ್ನುವುದು. ಮುಂದಿನ ವಾಹನ ಗಾಳಿಯನ್ನು ಸೀಳುತ್ತದೆ, ಹಿಂದಿನವನಿಗೆ ಗಾಳಿಯ ತಡೆ ಕಮ್ಮಿ. ನ್ಯಾಸ್ಕಾರ್‌ನಲ್ಲಿ ಓಡುವ ಸ್ಟಾಕ್ ಕಾರ್‌ಗಳಲ್ಲಿ ಇನ್ನೊಂದು ಮಜಾ ಇದೆ. ಹಿಂದಿನವನು ಬಂಪರ್‌ಗೆ ಬಂಪರ್ ತಾಗಿಸಿಕೊಂಡು ಬಂದರೆ ಮುಂದಿನವನಿಗೂ ವೇಗ ಜಾಸ್ತಿ ಸಿಗುತ್ತದೆ. ಅವನ ಬೆನ್ನ ಹಿಂದೆ ಸುಳಿಯುವ ಗಾಳಿ ಅವನನ್ನು ಹಿಂದಕ್ಕೆ ಜಗ್ಗುವುದು ಕಮ್ಮಿಯಾಗುತ್ತದೆ. ಅದಕ್ಕೇ ಇಲ್ಲಿ ಒಂಟಿ ಕಾರು ನಿಧಾನ, ಸಾಲಿನಲ್ಲಿರುವ ಕಾರು ವೇಗ.

ಎಲ್ಲ ಟ್ರ್ಯಾಕ್‌ನಲ್ಲೂ ಹೀಗಲ್ಲ. ಡೇಟೋನಾ 2.5 ಮೈಲಿ, ಅಲಬಾಮಾದ ಟ್ಯಾಲಡೇಗಾ 2.66 ಮೈಲಿ. ತಿರುವುಗಳು ಗೋಡೆಯ ಹಾಗೆ ವಾಲಿವೆ, 31 ಮತ್ತು 33 ಡಿಗ್ರಿ. ಬ್ರೇಕ್ ಒತ್ತದೆ ಪೂರ್ತಿ ಸುತ್ತು ಹೊಡೆಯಬಹುದು. 1987ರಲ್ಲಿ ಬಿಲ್ ಎಲಿಯಟ್ ಟ್ಯಾಲಡೇಗಾದಲ್ಲಿ ಗಂಟೆಗೆ 212.809 ಮೈಲಿ ವೇಗದಲ್ಲಿ ಸುತ್ತು ಹಾಕಿದ. ಅದೇ ರೇಸಿನಲ್ಲಿ ಬಾಬಿ ಆಲಿಸನ್ ಕಾರು ಹಾರಿ ಪ್ರೇಕ್ಷಕರ ಮುಂದಿನ ಬೇಲಿಯನ್ನೇ ಕಿತ್ತಿತು. ಇದು ಕೈಮೀರಿತು ಎಂದು 1988ರಿಂದ ಎಂಜಿನ್ನಿಗೆ ಹೋಗುವ ಗಾಳಿಗೆ ತೂತು ಮಾಡಿದ ಒಂದು ತಗಡು ಅಡ್ಡ ಇಟ್ಟರು. ಅದೇ ರಿಸ್ಟ್ರಿಕ್ಟರ್ ಪ್ಲೇಟ್. ಈಗ ಅದರ ಜಾಗಕ್ಕೆ ಬೇರೆ ಭಾಗ ಬಂದಿದೆ, ಕೆಲಸ ಅದೇ. ಗಾಳಿ ಕಮ್ಮಿ ಆದರೆ ಶಕ್ತಿ ಕಮ್ಮಿ. ಇವತ್ತು ಈ ಎರಡು ಟ್ರ್ಯಾಕ್‌ಗಳಲ್ಲಿ ಎಂಜಿನ್ನಿಗೆ ಸುಮಾರು 510 ಅಶ್ವಶಕ್ತಿ ಮಾತ್ರ.

ಇದರಿಂದ ಏನಾಯಿತು? ಹತ್ತು ಕೋಟಿ ಸುರಿದವನಿಗೂ ಒಂದು ಕೋಟಿ ಸುರಿದವನಿಗೂ ವೇಗದ ಅಂತರ ಕೂದಲೆಳೆಯಷ್ಟಾಯಿತು. 2022ರಿಂದ ಬಂದ ಹೊಸ ಕಾರಿನಲ್ಲಿ ಚಾಸಿಯಿಂದ ಹಿಡಿದು ಮುಖ್ಯ ಭಾಗಗಳನ್ನೆಲ್ಲ ಎಲ್ಲರೂ ಒಂದೇ ಕಡೆಯಿಂದ ಕೊಳ್ಳಬೇಕು. ಅಂತರ ಇನ್ನೂ ಕರಗಿತು. ಮೂವತ್ತು ನಲವತ್ತು ಕಾರು ಒಟ್ಟಿಗೆ, ಇಂಚುಗಳ ಅಂತರದಲ್ಲಿ, ಗಂಟೆಗೆ 190 ಮೈಲಿಯಲ್ಲಿ. ಒಬ್ಬ ತಪ್ಪಿದರೆ ಹದಿನೈದು ಕಾರು ಗುಜರಿಗೆ.

ಸಣ್ಣ ತಂಡದಲ್ಲಿದ್ದಾಗ ಈ ರೇಸ್‌ಗೆ ನಾವು ಹೇಗೆ ತಯಾರಾಗುತ್ತಿದ್ದೆವು ಗೊತ್ತಾ? ಬೇರೆ ಕಡೆ 25ನೇ ಸ್ಥಾನ ಬಂದರೆ ಬಿರಿಯಾನಿ. ಇಲ್ಲಿ ಮಾತ್ರ ಗೆಲ್ಲಬಹುದು ಎಂದು ಹೋಗುತ್ತಿದ್ದೆವು. ಮೊದಲ ಮುಕ್ಕಾಲು ಭಾಗ ಡ್ರೈವರ್‌ಗೆ ಒಂದೇ ಮಾತು: ಹಿಂದೆ ಇರು, ಕಾರು ಉಳಿಸು. ದೊಡ್ಡ ಅಪಘಾತ ಆಗೇ ಆಗುತ್ತದೆ. ಅದು ಆಗುವಾಗ ನಾವು ಅದರೊಳಗೆ ಇರಬಾರದು. ಆಮೇಲೆ ಇಪ್ಪತ್ತು ಸುತ್ತು ಉಳಿದಾಗ ಮುಂದಿನ ಹತ್ತರಲ್ಲಿ ಇರಬೇಕು. ಅದಕ್ಕೆ ಕೊನೇ ಪಿಟ್‌ನಲ್ಲಿ ಪೆಟ್ರೋಲು ಒಂದೆರಡು ಸೆಕೆಂಡು ಕಮ್ಮಿ ಹಾಕಿ ಬೇಗ ಹೊರಗೆ ಬರಬೇಕು. ಕಮ್ಮಿ ಅಂದರೆ ಎಷ್ಟು ಕಮ್ಮಿ? ಅದೇ ನನ್ನ ಸಂಬಳದ ಕೆಲಸ. ಒಂದು ಸಲ ನನ್ನ ಲೆಕ್ಕ ತಪ್ಪಿತು. ಎಂಟನೇ ಸ್ಥಾನದಲ್ಲಿದ್ದ ಕಾರು ಕೊನೇ ಸುತ್ತಿನ ಹಿಂದಿನ ನೇರದಲ್ಲಿ ಕೆಮ್ಮಿ ಆರಿಹೋಯಿತು. ಡ್ರೈವರ್ ರೇಡಿಯೋದಲ್ಲಿ ಏನೂ ಅನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಇನ್ನು ಅದೃಷ್ಟ ಎಷ್ಟು, ಕೆಲಸ ಎಷ್ಟು? ನೀವು ನೋಡಿದ ಗೆಲುವಿನ ತಂಡವನ್ನೇ ಹಿಡಿಯೋಣ. ವುಡ್ ಬ್ರದರ್ಸ್. ವರ್ಜೀನಿಯಾದ ಸ್ಟುವರ್ಟ್ ಎಂಬ ಸಣ್ಣ ಊರಿನ ಅಣ್ಣತಮ್ಮಂದಿರು 1950ರಲ್ಲಿ ಕಟ್ಟಿದ ತಂಡ. ಪಿಟ್‌ನಲ್ಲಿ ಸೆಕೆಂಡುಗಳಲ್ಲಿ ಕೆಲಸ ಮುಗಿಸುವುದನ್ನು ಈ ಆಟಕ್ಕೆ ಕಲಿಸಿದವರೇ ಅವರು. 1965ರ ಇಂಡಿಯಾನಾಪೊಲಿಸ್ 500ರಲ್ಲಿ ಜಿಮ್ ಕ್ಲಾರ್ಕ್ ಗೆದ್ದಾಗ ಪಿಟ್ ಕೆಲಸಕ್ಕೆ ಇವರನ್ನೇ ಕರೆಸಿಕೊಂಡಿದ್ದರು.

1963ರ ಡೇಟೋನಾ 500ಕ್ಕೆ ಇವರ ಡ್ರೈವರ್ ಮಾರ್ವಿನ್ ಪ್ಯಾಂಚ್. ರೇಸಿಗೆ ಹತ್ತು ದಿನ ಇರುವಾಗ ಪ್ಯಾಂಚ್ ಅದೇ ಟ್ರ್ಯಾಕ್‌ನಲ್ಲಿ ಬೇರೊಂದು ಕಾರು, ಒಂದು ಮಸೆರಾಟಿ, ಪರೀಕ್ಷೆ ಮಾಡುತ್ತಿದ್ದರು. ಕಾರು ಮಗುಚಿ ಬೆಂಕಿ ಹತ್ತಿತು. ಓಡಿಬಂದು ಎಳೆದು ತೆಗೆದವರಲ್ಲಿ ಟೈನಿ ಲುಂಡ್ ಒಬ್ಬ. ಟೈನಿ ಅಂದರೆ ಪುಟಾಣಿ, ಆಳು ಆರಡಿ ಐದಿಂಚು! ಲುಂಡ್‌ಗೆ ಆಗ ಓಡಿಸಲು ಕಾರೇ ಇರಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಪ್ಯಾಂಚ್ ‘ನನ್ನ ಸೀಟು ಅವನಿಗೆ ಕೊಡಿ’ ಎಂದು ವುಡ್ ಸಹೋದರರನ್ನು ಕೇಳಿಕೊಂಡರು. ಲುಂಡ್ ಗೆದ್ದ. ಇಲ್ಲಿಯವರೆಗೆ ಕೇಳಿದರೆ ದೇವರ ಕಥೆ. ಆದರೆ ಗೆದ್ದದ್ದು ಹೇಗೆ? ಇಡೀ 500 ಮೈಲಿ ಒಂದೇ ಜೊತೆ ಟೈರ್‌ನಲ್ಲಿ ಓಡಿಸಿ, ಎದುರಾಳಿಗಳಿಗಿಂತ ಒಂದು ಪಿಟ್ ಕಮ್ಮಿ ಮಾಡಿ. ಲುಂಡ್‌ಗೆ ಸೀಟು ಸಿಕ್ಕಿದ್ದು ಅದೃಷ್ಟ. ಆ ಒಂದು ಪಿಟ್ ಉಳಿಸಿದ್ದು ಲೆಕ್ಕ.

ಅದೇ ತಂಡ, ಅದೇ 21ನೇ ನಂಬರಿನ ಕಾರು, 2011ರ ಡೇಟೋನಾ 500. ಬಹಳ ಜನರ ಪ್ರಕಾರ ಇದೇ ಅತಿ ದೊಡ್ಡ ಅಚ್ಚರಿ. ಟ್ರೆವರ್ ಬೇನ್‌ಗೆ ಹಿಂದಿನ ದಿನವಷ್ಟೇ 20 ತುಂಬಿತ್ತು. ನ್ಯಾಸ್ಕಾರ್‌ನ ಅತಿ ಮೇಲಿನ ಸರಣಿಯಾದ ಕಪ್ ಮಟ್ಟದಲ್ಲಿ ಅದು ಅವನ ಎರಡನೇ ರೇಸ್. ತಂಡ ಆಗ ಎಷ್ಟು ಸೊರಗಿತ್ತು ಎಂದರೆ ಪೂರ್ತಿ ಸೀಸನ್ ಓಡಿಸಲು ದುಡ್ಡಿರಲಿಲ್ಲ. ಕೊನೆಯ ಸಲ ಗೆದ್ದು ಹತ್ತು ವರ್ಷವಾಗಿತ್ತು.

ಆ ವರ್ಷ ಡೇಟೋನಾಗೆ ಹೊಸ ಡಾಂಬರು ಹಾಕಿದ್ದರು. ನುಣುಪು ರಸ್ತೆಯಲ್ಲಿ ಇಬ್ಬಿಬ್ಬರು ಅಂಟಿಕೊಂಡು ಓಡಿದರೆ ದೊಡ್ಡ ಗುಂಪಿಗಿಂತ ವೇಗ. ಹಾಗಾಗಿ ಇಡೀ ರೇಸ್ ಜೋಡಿಗಳ ಆಟವಾಯಿತು. ಮುಂದಾಳು 74 ಸಲ ಬದಲಾದ. ಡೇಟೋನಾ 500ರಲ್ಲಿ ಅದೂ ದಾಖಲೆ. ತಳ್ಳಲು ಒಬ್ಬ ನಂಬಿಕಸ್ಥ ಬೇಕು. ರೇಸಿಗೆ ಮುಂಚಿನ ಅರ್ಹತಾ ಓಟದಲ್ಲಿ ಜೆಫ್ ಗಾರ್ಡನ್‌ನಂಥ ನಾಲ್ಕು ಬಾರಿಯ ಚಾಂಪಿಯನ್ ಈ ಹುಡುಗನ ಜೊತೆ ಜೋಡಿ ಮಾಡಿಕೊಂಡಿದ್ದ. ಇದು ತುಂಬ ಜನರಿಗೆ ನೆನಪಿಲ್ಲ. ಹುಡುಗ ಹೆಸರಿಲ್ಲದವನಿರಬಹುದು, ಆದರೆ ಒಳಗಿನವರಿಗೆ ಅವನ ಕೈ ಎಂಥದ್ದು ಎಂದು ಗೊತ್ತಾಗಿತ್ತು.

ಕೊನೆಯದಕ್ಕಿಂತ ಒಂದು ಹಿಂದಿನ ಮರು ಆರಂಭಕ್ಕೆ ಮುಂದಿದ್ದವನು ಡೇವಿಡ್ ರೇಗನ್, ಅವನನ್ನು ತಳ್ಳಬೇಕಾದವನು ಬೇನ್. ರೇಗನ್ ಗೆರೆ ದಾಟುವ ಮುಂಚೆಯೇ ಸಾಲು ಬದಲಿಸಿಬಿಟ್ಟ. ಕಪ್ಪು ಬಾವುಟ, ಅಂದರೆ ಶಿಕ್ಷೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮತ್ತೆ ಹಸಿರು ಬಾವುಟ ಬಿದ್ದಾಗ ಮುಂದೆ ಬೇನ್. ಹಿಂದಿನಿಂದ ಕಾರ್ಲ್ ಎಡ್ವರ್ಡ್ಸ್ ನುಗ್ಗಿ ಬಂದರೂ ದಾಟಲಾಗಲಿಲ್ಲ. ಗೆದ್ದ ಮೇಲೆ ವಿಕ್ಟರಿ ಲೇನ್‌ಗೆ ಎಲ್ಲಿ ತಿರುಗಬೇಕು ಎಂದು ಹುಡುಗನಿಗೆ ಗೊತ್ತಾಗದೆ ತಿರುವನ್ನೇ ದಾಟಿ ಹೋಗಿಬಿಟ್ಟ. ಕಪ್ ಚಾಂಪಿಯನ್‌ಷಿಪ್ ಅಂಕವೂ ಅವನಿಗೆ ಸಿಗಲಿಲ್ಲ, ಆ ವರ್ಷ ಅವನು ಹೆಸರು ಕೊಟ್ಟಿದ್ದು ಕೆಳಗಿನ ಸರಣಿಗೆ. ಬಹುಮಾನ ಮಾತ್ರ ಸುಮಾರು 14 ಲಕ್ಷ ಡಾಲರ್ ಬಂತು.

ಬೇನ್ ಆಮೇಲೆ ಕಪ್ ರೇಸ್ ಒಂದನ್ನೂ ಗೆಲ್ಲಲಿಲ್ಲ. ರೇಸ್ ಬಿಟ್ಟ ಮೇಲೆ ಟೆನೆಸ್ಸಿಯಲ್ಲಿ ಕಾಫಿ ಹುರಿಯುವ ವ್ಯಾಪಾರ ಶುರು ಮಾಡಿದ. ರೇಗನ್ ಮಾತ್ರ ಅದೇ ವರ್ಷ ಜುಲೈನಲ್ಲಿ ಅದೇ ಡೇಟೋನಾದಲ್ಲಿ ಗೆದ್ದ. ಎರಡು ವರ್ಷ ಬಿಟ್ಟು ಟ್ಯಾಲಡೇಗಾದಲ್ಲಿ ಫ್ರಂಟ್ ರೋ ಎಂಬ ಬಡ ತಂಡಕ್ಕೆ ಮೊದಲ ಗೆಲುವು ತಂದುಕೊಟ್ಟವನೂ ಅವನೇ.

1963, 2011, 2024. ಮೂರೂ ಒಂದೇ ತಂಡ. ನಿಮ್ಮ ಮಗನಿಗೆ ಇದನ್ನು ತೋರಿಸಿ. ಲಾಟರಿ ಒಂದೇ ಮನೆಗೆ ಮೂರು ಸಲ ಹೊಡೆಯುತ್ತಾ ಎಂದು ಕೇಳಿ.

ಶುದ್ಧ ಅದೃಷ್ಟದ ಗೆಲುವೂ ಇದೆ, ಇಲ್ಲ ಅನ್ನಲಾರೆ. 1990ರ ಡೇಟೋನಾ 500ರಲ್ಲಿ ಡೇಲ್ ಅರ್ನ್‌ಹಾರ್ಟ್ 200 ಸುತ್ತುಗಳಲ್ಲಿ 155 ಸುತ್ತು ಮುಂದಿದ್ದರು. ಕೊನೇ ಸುತ್ತು, ಮೂರನೇ ತಿರುವು, ಟೈರ್ ಹರಿಯಿತು. ಹಿಂದಿದ್ದ ಡೆರಿಕ್ ಕೋಪ್ ಗೆದ್ದ. ಅದುವರೆಗೆ ಕೋಪ್ ಒಂದೂ ರೇಸ್ ಗೆದ್ದಿರಲಿಲ್ಲ. ಅರ್ನ್‌ಹಾರ್ಟ್‌ಗೆ ಈ ರೇಸ್ ಸಿಗಲು 1998ರವರೆಗೆ ಕಾಯಬೇಕಾಯಿತು. ಆದರೂ ಒಂದು ಮಾತು: ಅಂದು ಓಡಿದವರಲ್ಲಿ ಆ ಕ್ಷಣ ಅರ್ನ್‌ಹಾರ್ಟ್ ಬೆನ್ನಿಗೆ ಅಂಟಿಕೊಂಡಿದ್ದವನು ಕೋಪ್ ಒಬ್ಬನೇ. ಅದೇ ಜೂನ್‌ನಲ್ಲಿ ಡೋವರ್‌ನಲ್ಲೂ ಗೆದ್ದ, ಅಲ್ಲಿ ಯಾರ ಟೈರೂ ಅವನಿಗಾಗಿ ಹರಿಯಬೇಕಾಗಿರಲಿಲ್ಲ.

2021ರಲ್ಲಿ ಮೈಕೆಲ್ ಮೆಕ್‌ಡವೆಲ್. ಮಳೆಯಿಂದ ಗಂಟೆಗಟ್ಟಲೆ ನಿಂತು ಮಧ್ಯರಾತ್ರಿ ದಾಟಿದ ಮೇಲೆ ಮುಗಿದ ಡೇಟೋನಾ 500. ಕೊನೇ ಸುತ್ತಿನಲ್ಲಿ ಮುಂದಿದ್ದ ಜೋಯಿ ಲೊಗಾನೊ ಮತ್ತು ಬ್ರ್ಯಾಡ್ ಕೆಸೆಲೌಸ್ಕಿ, ಇಬ್ಬರೂ ಒಂದೇ ತಂಡದವರು, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು. ಬೆಂಕಿಯ ನಡುವಿನಿಂದ ಮೆಕ್‌ಡವೆಲ್ ನುಸುಳಿದ. ಇಬ್ಬರ ಜಗಳ ಮೂರನೆಯವನಿಗೆ ಲಾಭ, ನಿಜ. ಆದರೆ ಅದು ಅವನ 358ನೇ ರೇಸ್, ಮೊದಲ ಗೆಲುವು. ಮುನ್ನೂರ ಐವತ್ತೇಳು ಸಲ ಸೋತು ಮತ್ತೆ ಕಾರು ಹತ್ತಿದವನನ್ನು ಬರೀ ಅದೃಷ್ಟವಂತ ಎನ್ನಲು ನನಗೆ ಮನಸ್ಸು ಬರಲ್ಲ.

ನನ್ನ ಪ್ರಕಾರ ನೂರಕ್ಕೆ ನೂರು ಅದೃಷ್ಟದ ಗೆಲುವು ಒಂದೇ: 2019ರ ಜುಲೈ, ಡೇಟೋನಾ, ಜಸ್ಟಿನ್ ಹೇಲಿ. ಆ ವರ್ಷವಷ್ಟೇ ಹುಟ್ಟಿದ ಸ್ಪೈರ್ ಎಂಬ ತಂಡ. ಹೇಲಿಗೆ ಕಪ್ ಮಟ್ಟದಲ್ಲಿ ಮೂರನೇ ರೇಸ್. ಭಾರೀ ಅಪಘಾತವಾಗಿ ಹಳದಿ ಬಾವುಟ (ನಿಧಾನ ಹೋಗಿ, ಯಾರನ್ನೂ ದಾಟಬೇಡಿ ಎಂಬ ಸೂಚನೆ) ಬಿದ್ದಿತ್ತು. ಮುಂದಿದ್ದವನು ಕರ್ಟ್ ಬುಶ್. ಇನ್ನೊಂದು ಸುತ್ತಿಗೆ ರೇಸ್ ಮತ್ತೆ ಶುರು ಎಂದರು. ಸರಿ ಎಂದು ಬುಶ್ ಪಿಟ್‌ಗೆ ಬಂದ. ಹೇಲಿ ಹೊರಗೇ ಉಳಿದು ಮೊದಲಿಗನಾದ. ಅಷ್ಟರಲ್ಲಿ ಹತ್ತಿರ ಎಲ್ಲೋ ಮಿಂಚು. ಮಿಂಚು ಕಂಡರೆ ಅರ್ಧ ಗಂಟೆ ಎಲ್ಲ ನಿಲ್ಲಬೇಕು, ಅದು ನಿಯಮ. ನಿಂತಿತು. ಆಮೇಲೆ ಮಳೆ. ಅರ್ಧ ದೂರ ಮುಗಿದಿದ್ದರಿಂದ 160ರಲ್ಲಿ 127 ಸುತ್ತಿಗೇ ಫಲಿತಾಂಶ ಘೋಷಿಸಿದರು. ಹಸಿರು ಬಾವುಟದಡಿ ಒಂದು ಸುತ್ತೂ ಮುಂದಿರದವನು ವಿಜೇತ! ಕರ್ಟ್ ಬುಶ್ ಮುಖ ನೋಡಿ ನನಗೇ ಪಾಪ ಅನ್ನಿಸಿತ್ತು. ಆ ಹೊತ್ತಿನಲ್ಲಿ ನಾನಿದ್ದರೂ ಅವನನ್ನು ಪಿಟ್‌ಗೇ ಕರೆಯುತ್ತಿದ್ದೆ.

2016ರಲ್ಲಿ ಪೊಕೊನೊದಲ್ಲಿ ಕ್ರಿಸ್ ಬೂಶರ್ ಮಂಜು ಕವಿದು ರೇಸ್ ನಿಂತಾಗ ಗೆದ್ದದ್ದನ್ನೂ ಜನ ಇದೇ ಪಟ್ಟಿಗೆ ಸೇರಿಸುತ್ತಾರೆ. ನಾನು ಸೇರಿಸಲ್ಲ. ಅವನ ಕ್ರೂ ಚೀಫ್ (ಪಿಟ್‌ಗೆ ಯಾವಾಗ ಕರೆಯಬೇಕು ಎಂದು ತೀರ್ಮಾನಿಸುವವನು) ಆಕಾಶ ನೋಡಿಯೇ ಕಾರನ್ನು ಹೊರಗೆ ಬಿಟ್ಟಿದ್ದ.

‘ಅತಿ ದೊಡ್ಡ ಅಚ್ಚರಿ ಯಾವುದು’ ಎಂದು ನೇರವಾಗಿ ಕೇಳಿದರೆ ನಾನು ಹೇಳುವುದು ಇವ್ಯಾವುದೂ ಅಲ್ಲ. 1950ರ ಸೆಪ್ಟೆಂಬರ್ 4, ದಕ್ಷಿಣ ಕ್ಯಾರೊಲಿನಾದ ಡಾರ್ಲಿಂಗ್ಟನ್, ಮೊದಲ ಸದರ್ನ್ 500. ನ್ಯಾಸ್ಕಾರ್‌ನವರು ಡಾಂಬರಿನ ದೊಡ್ಡ ಟ್ರ್ಯಾಕ್‌ನಲ್ಲಿ 500 ಮೈಲಿ ಓಡಿಸಿದ್ದು ಅದೇ ಮೊದಲು. ಅಲ್ಲಿಯವರೆಗೆ ಹೆಚ್ಚುಕಮ್ಮಿ ಎಲ್ಲ ಮಣ್ಣಿನಲ್ಲಿ. 75 ಕಾರುಗಳು ಬಂದವು, ಕ್ಯಾಡಿಲ್ಯಾಕ್, ಓಲ್ಡ್ಸ್‌ಮೊಬೀಲ್‌ನಂಥ ದೊಡ್ಡ ಎಂಜಿನ್ನಿನ ಆನೆಗಳು. ಜಾನಿ ಮ್ಯಾಂಟ್ಜ್ ತಂದದ್ದು ಪುಟ್ಟ ಪ್ಲಿಮತ್. ಊರಲ್ಲಿ ಸಾಮಾನು ತರಲು ಓಡಿಸುವಂಥ ಕಾರು. ಅರ್ಹತಾ ಓಟದಲ್ಲಿ ಅತಿ ನಿಧಾನದ ಕಾರುಗಳಲ್ಲಿ ಒಂದು. ಹೊರಟದ್ದು 43ನೇ ಜಾಗದಿಂದ.

ಆದರೆ ಮ್ಯಾಂಟ್ಜ್ ಇಂಡಿಯಾನಾಪೊಲಿಸ್‌ನಲ್ಲಿ ಓಡಿಸಿದವರು. ಸೆಪ್ಟೆಂಬರ್ ಬಿಸಿಲಿಗೆ ಕಾದ ಡಾಂಬರು ಮಾಮೂಲಿ ಟೈರ್‌ಗೆ ಏನು ಮಾಡುತ್ತದೆ ಎಂದು ಅವರಿಗೆ ಗೊತ್ತಿತ್ತು, ಮಣ್ಣಿನ ವೀರರಿಗೆ ಗೊತ್ತಿರಲಿಲ್ಲ. ಅವರು ಲಾರಿಗೆ ಹಾಕುವ ಗಟ್ಟಿ ಟೈರ್ ಹಾಕಿಸಿದರು. ಒಂದೇ ಹದದಲ್ಲಿ ಸುತ್ತತೊಡಗಿದರು. ದೊಡ್ಡ ಕಾರುಗಳು ಜೋರಾಗಿ ದಾಟಿ ಹೋಗುತ್ತವೆ, ಟೈರ್ ಢಂ ಅನ್ನುತ್ತದೆ, ಪಿಟ್‌ಗೆ ಓಡುತ್ತವೆ. ಮತ್ತೆ ದಾಟುತ್ತವೆ, ಮತ್ತೆ ಢಂ. ಆರೂವರೆ ಗಂಟೆಗೂ ಮೀರಿ ಇದೇ ನಡೆಯಿತು. ಮ್ಯಾಂಟ್ಜ್‌ರ ಸರಾಸರಿ ವೇಗ ಗಂಟೆಗೆ 75 ಮೈಲಿಯ ಆಸುಪಾಸು. ನೀವು ಹೆದ್ದಾರಿಯಲ್ಲಿ ಹೋಗುವಷ್ಟು! ಗೆದ್ದದ್ದು ಒಂಬತ್ತು ಸುತ್ತುಗಳ ಅಂತರದಲ್ಲಿ.

ಒಂದು ಪಕ್ಕದ ಕಥೆ ಹೇಳದೆ ಇರಲಾರೆ. ಆ ಪ್ಲಿಮತ್‌ನ ಮಾಲೀಕನ ಹೆಸರಿನಲ್ಲಿ ಕಾಣುವುದು ಹ್ಯೂಬರ್ಟ್ ವೆಸ್ಟ್‌ಮೋರ್‌ಲೆಂಡ್. ಹಿಂದಿನ ವರ್ಷ, 1949ರ ಜೂನ್ 19ರಂದು, ನಿಮ್ಮ ಷಾರ್ಲೆಟ್‌ನಲ್ಲೇ ಈ ಸರಣಿಯ ಮೊಟ್ಟಮೊದಲ ರೇಸ್ ನಡೆದಾಗ ಮೊದಲು ಗೆರೆ ದಾಟಿದ್ದೂ ಈತನ ಕಾರೇ. ಓಡಿಸಿದವನು ಗ್ಲೆನ್ ಡನವೇ. ಪರೀಕ್ಷಿಸಿದರೆ ಹಿಂದಿನ ಸ್ಪ್ರಿಂಗ್‌ನಲ್ಲಿ ಕೈಚಳಕ. ಕಳ್ಳಭಟ್ಟಿ ಸಾಗಿಸುವವರು ಭಾರ ಹೊತ್ತ ಕಾರು ಬಾಗದಿರಲಿ ಎಂದು ಮಾಡುತ್ತಿದ್ದ ಉಪಾಯ ಅದು. ಅನರ್ಹ. ಗೆಲುವು ಹೋದದ್ದು ಕ್ಯಾನ್ಸಸ್‌ನಿಂದ ಲಿಂಕನ್ ಓಡಿಸಿಕೊಂಡು ಬಂದ ಜಿಮ್ ರೋಪರ್‌ಗೆ. ವೆಸ್ಟ್‌ಮೋರ್‌ಲೆಂಡ್ ಕೋರ್ಟಿಗೆ ಹೋಗಿ ಸೋತ. ಅಂದರೆ ಈ ಆಟದ ಮೊದಲ ರೇಸಿನಲ್ಲೇ ಗೆದ್ದವನು ಸೋತ, ಸೋತವನು ಗೆದ್ದ.

ಇಡೀ ಸೀಸನ್ನಿನ ಅಚ್ಚರಿ ಬೇಕಾದರೆ 1992. ಅಲನ್ ಕುಲ್ವಿಕಿ ಎಂಜಿನಿಯರಿಂಗ್ ಓದಿದವರು. ತಂಡವೂ ಅವರದೇ, ಡ್ರೈವರ್ರೂ ಅವರೇ. ಆರು ರೇಸ್ ಉಳಿದಾಗ 278 ಅಂಕ ಹಿಂದಿದ್ದರು. ಕೊನೆಯ ರೇಸ್ ಅಟ್ಲಾಂಟಾದಲ್ಲಿ. ಅತಿ ಜಾಸ್ತಿ ಸುತ್ತು ಮುಂದಿದ್ದವರಿಗೆ 5 ಬೋನಸ್ ಅಂಕ. ಕುಲ್ವಿಕಿ ತಂಡ ಕೂತು ಲೆಕ್ಕ ಹಾಕಿ, ಬೇಕಾದಷ್ಟು ಸುತ್ತು ಮುಂದಿದ್ದು, ಆಮೇಲಷ್ಟೇ ಪಿಟ್‌ಗೆ ಕರೆಯಿತು. ಅವರು 103 ಸುತ್ತು, ಬಿಲ್ ಎಲಿಯಟ್ 102. ರೇಸ್ ಗೆದ್ದದ್ದು ಎಲಿಯಟ್. ಚಾಂಪಿಯನ್‌ಷಿಪ್ 10 ಅಂಕದಿಂದ ಕುಲ್ವಿಕಿಗೆ. ಒಂದೇ ಒಂದು ಸುತ್ತು ಆಚೀಚೆ ಆಗಿದ್ದರೆ ಅಂಕ ಸಮ, ಜಾಸ್ತಿ ರೇಸ್ ಗೆದ್ದ ಎಲಿಯಟ್ ಚಾಂಪಿಯನ್. ಮುಂದಿನ ಏಪ್ರಿಲ್ 1ಕ್ಕೆ ವಿಮಾನ ಅಪಘಾತದಲ್ಲಿ ಕುಲ್ವಿಕಿ ಹೋದರು. ನನ್ನ ಮೇಜಿನ ಮೇಲೆ ಇದ್ದ ಒಂದೇ ಫೋಟೋ ಅವರದು.

ದುಡ್ಡಿನ ವಿಷಯ. ನಾರ್ತ್ ಕ್ಯಾರೊಲಿನಾದಲ್ಲಿ 2024ರ ಮಾರ್ಚ್‌ನಿಂದ ಫೋನಿನಲ್ಲಿ ಬಾಜಿ ಕಟ್ಟುವುದು ಕಾನೂನುಬದ್ಧ. ಹಾಗಾಗಿ ತಪ್ಪೇನಲ್ಲ. ಆದರೆ ನಿಮ್ಮ ಗೆಳೆಯ ಎಡವುತ್ತಿರುವುದು ಎಲ್ಲಿ ಎಂದು ಹೇಳುತ್ತೇನೆ. ‘ಹೆಸರಿಲ್ಲದ ಒಬ್ಬ ಗೆಲ್ಲುತ್ತಾನೆ’ ಅನ್ನುವುದೇ ಬೇರೆ, ‘ಈ ಹೆಸರಿಲ್ಲದವನು ಗೆಲ್ಲುತ್ತಾನೆ’ ಅನ್ನುವುದೇ ಬೇರೆ. ನಾವು ಹಿಂದೆ ತಿರುಗಿ ನೋಡಿದಾಗ ಗೆದ್ದವನ ಹೆಸರು ಮಾತ್ರ ಕಾಣುತ್ತದೆ. ಅವನ ಹಾಗೇ ಕಾದು ಕಾದು ಗೋಡೆಗೆ ಹೊಡೆದ ಇಪ್ಪತ್ತು ಜನ ಕಾಣಲ್ಲ.

ಲೆಕ್ಕಕ್ಕೆ ಹೀಗೆ ಅಂದುಕೊಳ್ಳಿ. ಐದೂ ಜನಕ್ಕೆ 1ಕ್ಕೆ 50 ಕೊಡುತ್ತಾರೆ. ಒಬ್ಬೊಬ್ಬನು ಗೆಲ್ಲುವ ಸಾಧ್ಯತೆ 80ರಲ್ಲಿ 1. ಐವರೂ ಸೇರಿ 16ರಲ್ಲಿ 1. ಅಂದರೆ ಸರಾಸರಿ 16 ರೇಸಿಗೆ ಒಂದು ಸಲ ಹೊಡೆಯುತ್ತದೆ. ಅಷ್ಟರಲ್ಲಿ ನೀವು ಕಟ್ಟಿರುವುದು 8,000 ಡಾಲರ್, ವಾಪಸ್ ಬರುವುದು, ಗೆದ್ದವನ ಮೇಲೆ ಕಟ್ಟಿದ 100 ಸೇರಿ, 5,100. ಡೇಟೋನಾ, ಟ್ಯಾಲಡೇಗಾ ಸೇರಿ ವರ್ಷಕ್ಕೆ ನಾಲ್ಕು ರೇಸ್, ಹದಿನಾರು ಅಂದರೆ ನಾಲ್ಕು ವರ್ಷ. ಬಾಜಿ ನಡೆಸುವವರಿಗೂ ಡೇಟೋನಾದ ಗುಣ ಗೊತ್ತು. ದರ ಇಡುವಾಗಲೇ ತಮ್ಮ ಪಾಲು ತೆಗೆದಿಟ್ಟಿರುತ್ತಾರೆ. ಗೆದ್ದರೆ ತೆರಿಗೆ ಬೇರೆ.

ಗೆಲ್ಲುವವನ ಬದಲು ‘ಮೊದಲ ಹತ್ತರಲ್ಲಿ ಬರುತ್ತಾನೆ’ ಎಂದು ಕಟ್ಟುವುದು ಇದೆ. ಅದರಲ್ಲಿ ಸಣ್ಣ ತಂಡಗಳ ಜಾಣತನಕ್ಕೆ ಸ್ವಲ್ಪ ಬೆಲೆ ಸಿಗುತ್ತದೆ, ಆದರೆ ಸಿಗುವ ದುಡ್ಡೂ ಅಷ್ಟಕ್ಕಷ್ಟೇ, ಒಂದು ಅಪಘಾತಕ್ಕೆ ಎಲ್ಲ ಹೋಗುವುದು ಇದ್ದೇ ಇದೆ. ನಾವು ಶಾಪ್‌ನವರ ಮನೆಗಳಲ್ಲಿ ಮಾಡುತ್ತಿದ್ದುದು ಬೇರೆ: ಎಲ್ಲ ಡ್ರೈವರ್‌ಗಳ ಹೆಸರು ಚೀಟಿಯಲ್ಲಿ ಬರೆದು, ಐದು ಡಾಲರ್ ಹಾಕಿ, ಒಬ್ಬೊಬ್ಬರು ಎರಡು ಎರಡು ಎತ್ತುವುದು. ನಿಮಗೆ ಬಂದದ್ದು 34ನೆಯವನಾದರೂ ಕೊನೇ ಸುತ್ತಿನವರೆಗೆ ಕುರ್ಚಿ ತುದಿಯಲ್ಲೇ ಕೂರುತ್ತೀರಿ. ಐನೂರು ಡಾಲರ್ ಬಾಜಿಗಿಂತ ಮಜಾ ಇದರಲ್ಲೇ ಜಾಸ್ತಿ.

ಇನ್ನು ಮಗನ ವಿಷಯ. ‘ಲಾಟರಿ’ ಎಂಬ ಅವನ ಅಭಿಪ್ರಾಯ ಬದಲಿಸಲು ಮತ್ತೆ ಡೇಟೋನಾಗೆ ಕರೆದೊಯ್ಯಬೇಡಿ. ವಿನ್‌ಸ್ಟನ್-ಸೇಲಮ್‌ನ ಬೌಮನ್ ಗ್ರೇಗೆ ಹೋಗಿ. ನಿಮ್ಮಿಂದ ಒಂದೂವರೆ ಗಂಟೆ ದಾರಿ. ಕಾಲು ಮೈಲಿಯ ಟ್ರ್ಯಾಕ್, ಬೇಸಿಗೆಯ ಶನಿವಾರ ರಾತ್ರಿಗಳಲ್ಲಿ ರೇಸ್. ಅಲ್ಲಿ ಗಾಳಿಯ ಆಟ ಇಲ್ಲ. ಯಾರ ಕೈ ಚೆನ್ನಾಗಿದೆ ಎಂದು ಮಕ್ಕಳಿಗೂ ಕಾಣುತ್ತದೆ. 2023ರಲ್ಲಿ ಶಿಕಾಗೊ ಬೀದಿ ರೇಸಿನಲ್ಲಿ ನ್ಯೂಜಿಲೆಂಡಿನ ಷೇನ್ ವಾನ್ ಗಿಸ್ಬರ್ಗನ್ ತನ್ನ ಮೊದಲ ಕಪ್ ರೇಸನ್ನೇ ಗೆದ್ದನಲ್ಲ, ಅದರ ವಿಡಿಯೋವನ್ನೂ ತೋರಿಸಿ. 1963ರ ನಂತರ ಮೊದಲ ರೇಸಲ್ಲೇ ಯಾರೂ ಗೆದ್ದಿರಲಿಲ್ಲ. ಒದ್ದೆ ಬೀದಿ, ಎರಡೂ ಕಡೆ ಗೋಡೆ. ಅಲ್ಲಿ ಅವನಿಗಾಗಿ ಯಾರೂ ಡಿಕ್ಕಿ ಹೊಡೆದುಕೊಳ್ಳಲಿಲ್ಲ, ಸುಮ್ನೆ ಎಲ್ಲರಿಗಿಂತ ಚೆನ್ನಾಗಿ ಓಡಿಸಿದ.

ಆಮೇಲೆ ಮೇ ತಿಂಗಳಲ್ಲಿ ನಿಮ್ಮೂರ ಪಕ್ಕದ 600 ಮೈಲಿ ರೇಸ್‌ಗೆ ಹೋಗಿ. ಕಿವಿಗೆ ಹತ್ತಿ ಸಾಲದು, ಒಳ್ಳೇ ಕಿವಿಮುಚ್ಚಳ ಕೊಳ್ಳಿ. ಗೇಟಿನ ಹತ್ತಿರ ರೇಡಿಯೋ ಸ್ಕ್ಯಾನರ್ ಬಾಡಿಗೆಗೆ ಸಿಗುತ್ತದೆ. ಮುಂದಿರುವವರ ಚಾನೆಲ್ ಬೇಡ. 28ನೇ ಸ್ಥಾನದಲ್ಲಿ ಓಡುತ್ತಿರುವ ಕಾರಿನ ಚಾನೆಲ್ ಹಾಕಿ ಮಗನ ಕೈಗೆ ಕೊಡಿ. ಎಷ್ಟು ಸುತ್ತಿಗೆ ಪೆಟ್ರೋಲು ಇದೆ, ಮೋಡ ಎಲ್ಲಿದೆ, ಮುಂದೆ ಯಾರಿಗೆ ಯಾರ ಮೇಲೆ ಸಿಟ್ಟಿದೆ, ಎಲ್ಲ ಅಲ್ಲಿ ಕೇಳಿಸುತ್ತದೆ.